ಉಪ್ಪೂ ಬೇಡ, ಸಕ್ಕರೆಯೂ ಬೇಡ, ಬರೀ ನೀರು: ಬೀಗರೂಟದ ನಂತರದ ಒಂದು ಪ್ರಕರಣ

ಇದು ಒಂದೇ ಮನೆಯ ಮೂರು ಜನರ ವಿಷಯ. ಮೂವರೂ ಒಂದೇ ಡಬ್ಬಿಯ ಊಟ ಮಾಡಿದ್ದರು. ಮೂವರಿಗೂ ವಾಂತಿ ಭೇದಿ ಹಿಡಿಯಿತು. ನಾಲ್ಕು ವರ್ಷದ ಮೊಮ್ಮಗ ಎರಡೇ ದಿನಕ್ಕೆ ಜಗಲಿಯ ಮೇಲೆ ಕುಣಿದಾಡಿದ. ಅವನ ಅಪ್ಪ ನಾಲ್ಕನೇ ದಿನ ಕೆಲಸಕ್ಕೆ ಹೋದರು. ಅಜ್ಜಿಯನ್ನು ಮಾತ್ರ ಎರಡನೇ ದಿನ ರಾತ್ರಿ ನಮ್ಮ ತಾಲ್ಲೂಕು ಆಸ್ಪತ್ರೆಗೆ ಕರೆತಂದರು. ಆಗ ಅವರಿಗೆ ತಾನೆಲ್ಲಿದ್ದೇನೆ ಎಂದು ಗೊತ್ತಿರಲಿಲ್ಲ. ಆ ಎರಡು ದಿನ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ನೀರು ಕುಡಿದವರು ಅಜ್ಜಿ. ಎಲ್ಲರಿಗಿಂತ ಜಾಸ್ತಿ ಆರೈಕೆ ಸಿಕ್ಕಿದ್ದೂ ಅವರಿಗೇ.

ಆ ರಾತ್ರಿ ಡ್ಯೂಟಿಯಲ್ಲಿದ್ದ ವೈದ್ಯೆ ನಾನು. ಊರು, ಹೆಸರು ಎಲ್ಲ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕಾಯಿಲೆ ಹೋದ ದಾರಿ, ನಾವು ತೆಗೆದುಕೊಂಡ ತೀರ್ಮಾನಗಳು ಇದ್ದ ಹಾಗೇ ಇವೆ.

ಡಬ್ಬಿಯ ಊಟ

ಮೇ ತಿಂಗಳು, ಭಾನುವಾರ. ಹತ್ತಿರದ ಹಳ್ಳಿಯಲ್ಲಿ ಸಂಬಂಧಿಕರ ಬೀಗರೂಟ. ಮಧ್ಯಾಹ್ನ ಊಟ ಮುಗಿಸಿ ಹೊರಡುವಾಗ ಬೀಗರು ಸುಮ್ನೆ ಕಳಿಸುತ್ತಾರೆಯೇ? ಕೋಳಿ ಸಾರು, ಕುಷ್ಕ ಸ್ಟೀಲ್ ಡಬ್ಬಿಗೆ ತುಂಬಿ ಕೊಟ್ಟರು. ಬಸ್ಸಿನಲ್ಲಿ ಒಂದೂವರೆ ಗಂಟೆ. ಮನೆಗೆ ಬಂದ ಮೇಲೆ ಡಬ್ಬಿ ಅಡುಗೆಮನೆ ಕಟ್ಟೆಯ ಮೇಲೆ ಕೂತಿತ್ತು. ರಾತ್ರಿ ಒಂಬತ್ತಕ್ಕೆ ಬಿಸಿ ಮಾಡಿ ಮೂವರು ಊಟ ಮಾಡಿದರು. ಸೊಸೆಗೆ ಅವತ್ತು ಹೊಟ್ಟೆ ಭಾರ ಇತ್ತು, ಅವರು ಮಜ್ಜಿಗೆ ಕುಡಿದು ಮಲಗಿದರು. ಅದರಿಂದಾಗಿ ಮನೆಯಲ್ಲಿ ಒಬ್ಬರಾದರೂ ನಿಂತು ಓಡಾಡುವಂತೆ ಉಳಿದರು.

“ಚೆನ್ನಾಗಿ ಕುದಿಸಿದ್ವಿ ಮೇಡಂ, ಆದರೂ ಹೀಗಾಯ್ತು” ಎಂದು ಮಗ ಎರಡು ಮೂರು ಸಲ ಹೇಳಿದರು. ಕುದಿಸಿದ್ದು ನಿಜ ಇರಬಹುದು. ಆದರೆ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್, ಕೈಯಿಂದ ಊಟಕ್ಕೆ ಸೇರುವ ಸ್ಟೆಫೈಲೊಕಾಕಸ್, ಇವೆರಡೂ ಊಟದೊಳಗೆ ವಿಷ ಬಿಟ್ಟಿರುತ್ತವೆ. ಮತ್ತೆ ಬಿಸಿ ಮಾಡಿದರೆ ಕ್ರಿಮಿ ಸಾಯಬಹುದು, ವಿಷ ಉಳಿಯುತ್ತದೆ. ತಿಂದು ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುವುದು ಈ ಬಗೆಯ ವಿಷದ ರೀತಿ. ಬೇಸಿಗೆಯ ಸೆಕೆಯಲ್ಲಿ ಬೇಯಿಸಿದ ಊಟ ಹೊರಗೆ ಒಂದು ಗಂಟೆಗಿಂತ ಜಾಸ್ತಿ ಇರಬಾರದು. ಈ ಡಬ್ಬಿ ಏಳೆಂಟು ಗಂಟೆ ಇತ್ತು.

ಮಗುವಿಗೆ ರಾತ್ರಿ ಒಂದಕ್ಕೆ ವಾಂತಿ. ಮಗನಿಗೆ ಮೂರಕ್ಕೆ. ಅಜ್ಜಿಗೆ ಬೆಳಗಿನ ಜಾವ ಐದಕ್ಕೆ ಹೊಟ್ಟೆ ನುಲಿತ, ಆಮೇಲೆ ನೀರು ನೀರು ಭೇದಿ. ರಕ್ತ ಇರಲಿಲ್ಲ, ಹೇಳಿಕೊಳ್ಳುವಂಥ ಜ್ವರ ಇರಲಿಲ್ಲ. ನಮ್ಮ ಹತ್ತಿರ ಬರುವ ಹೊತ್ತಿಗೆ ಡಬ್ಬಿ ತೊಳೆದಾಗಿತ್ತು. ಯಾವ ಕ್ರಿಮಿ ಎಂದು ಹುಡುಕುವುದು ಚಿಕಿತ್ಸೆಗೆ ಬೇಕಾಗಿಯೂ ಇರಲಿಲ್ಲ. ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ. ವಿಷ ತಾನೇ ಹೊರಗೆ ಹೋಗುತ್ತದೆ. ಅದು ಹೋಗುವಾಗ ಜೊತೆಗೆ ಏನೇನು ಕೊಚ್ಚಿಕೊಂಡು ಹೋಗುತ್ತದೆ, ಅದನ್ನು ನಾವು ಎಷ್ಟು ಸರಿಯಾಗಿ ತುಂಬುತ್ತೇವೆ, ಎಲ್ಲ ನಿಂತಿರುವುದು ಅಲ್ಲೇ.

ಮಗುವಿಗೆ ಏನು ಮಾಡಿದರು

ಸೋಮವಾರ ಬೆಳಿಗ್ಗೆ ಏಳಕ್ಕೆ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಬಂದರು. ಅಷ್ಟರಲ್ಲಿ ಮನೆಯಲ್ಲಿದ್ದ ಒಂದು ಓಆರ್‌ಎಸ್ ಪೊಟ್ಟಣವನ್ನು ಅಪ್ಪ ಒಂದು ಲೋಟ ನೀರಿಗೆ ಪೂರ್ತಿ ಸುರಿದು ಕಲಸಿದ್ದರು. ಮಗು ಎರಡು ಗುಟುಕು ಕುಡಿದು ಮುಖ ಕಿವುಚಿತ್ತು. ಆಶಾ ಅಕ್ಕ ಆ ಲೋಟದಿಂದ ಒಂದು ಹನಿ ನಾಲಿಗೆಗೆ ಹಾಕಿ ನೋಡಿದರು. ಮಾತಾಡದೆ ಹೋಗಿ ಬಚ್ಚಲಿಗೆ ಚೆಲ್ಲಿ ಬಂದರು. ಬೀಗರೂಟದಿಂದ ತಂದ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತೊಳೆದು, ಕಾಯಿಸಿ ಆರಿಸಿದ ನೀರು ತುಂಬಿ, ಹೊಸ ಪೊಟ್ಟಣ ಪೂರ್ತಿ ಹಾಕಿ ಕುಲುಕಿದರು.

ಇಡೀ ಪ್ರಕರಣದಲ್ಲಿ ಮೊದಲ ಒಳ್ಳೆಯ ತೀರ್ಮಾನ ಇದು. ಒಂದು ಲೀಟರಿನ ಪೊಟ್ಟಣದಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಒಟ್ಟು 20.5 ಗ್ರಾಂ. ಈ ಲೆಕ್ಕ ಒಂದು ಲೀಟರಿಗೆ. ಅದನ್ನೇ 200 ಮಿ.ಲೀ. ಲೋಟಕ್ಕೆ ಹಾಕಿದರೆ ಐದು ಪಟ್ಟು ಗಟ್ಟಿ. ಅಷ್ಟು ಗಟ್ಟಿ ದ್ರಾವಣ ಕರುಳಿಗೆ ಇಳಿದರೆ ಮೈಯಲ್ಲಿರುವ ನೀರನ್ನೇ ಕರುಳಿನೊಳಕ್ಕೆ ಎಳೆಯುತ್ತದೆ. ಭೇದಿ ಜಾಸ್ತಿಯಾಗುತ್ತದೆ, ರಕ್ತದಲ್ಲಿ ಉಪ್ಪು ಏರುತ್ತದೆ. ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಅವು 200 ಮಿ.ಲೀ.ಗೆಂದೇ ಇರುವವು. ಪೊಟ್ಟಣದ ಮೇಲೆ ಬರೆದ ಅಳತೆ ಓದದೆ ಕಲಸಬಾರದು ಎಂದು ನಾನು ಪ್ರತಿ ಮನೆಯವರಿಗೂ ಹೇಳುತ್ತೇನೆ.

ಎರಡನೆಯದು ಕುಡಿಸಿದ ರೀತಿ. ಬಾಯಾರಿದ ಮಗು ಲೋಟ ಕಂಡರೆ ಗಟಗಟ ಕುಡಿಯುತ್ತದೆ, ಕುಡಿದ ಕೂಡಲೇ ವಾಂತಿ ಮಾಡುತ್ತದೆ. ಮನೆಯವರು “ಏನು ಕೊಟ್ಟರೂ ನಿಲ್ಲುತ್ತಿಲ್ಲ” ಎಂದು ಕೈಬಿಡುತ್ತಾರೆ. ಆಶಾ ಅಕ್ಕ ಲೋಟ ದೂರ ಇಟ್ಟು ಟೀ ಚಮಚ ಹಿಡಿದರು. ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಸುಮ್ನೆ ಕೂತು, ಮತ್ತೆ ಶುರು, ಈ ಸಲ ಎರಡು ಮೂರು ನಿಮಿಷಕ್ಕೊಂದು ಚಮಚ. ಚಮಚದಲ್ಲಿ ಏನು ಆಗುತ್ತೆ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಚಮಚಕ್ಕೆ 5 ಮಿ.ಲೀ. ನಿಮಿಷಕ್ಕೊಂದರಂತೆ ಗಂಟೆಗೆ 300 ಮಿ.ಲೀ. ನಾಲ್ಕು ವರ್ಷದ ಮಗುವಿಗೆ ಒಂದೊಂದು ಭೇದಿಗೆ 100ರಿಂದ 200 ಮಿ.ಲೀ. ತುಂಬಿಕೊಟ್ಟರೆ ಸಾಕು. ಒಂದು ಗಂಟೆ ಚಮಚ ಹಿಡಿದು ಕೂತರೆ ಒಂದೆರಡು ಭೇದಿಯ ನಷ್ಟ ತುಂಬುತ್ತದೆ.

ಸೊಸೆ ಮಧ್ಯಾಹ್ನದವರೆಗೂ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅದನ್ನೇ ಮಾಡಿದರು. ಹನ್ನೊಂದಕ್ಕೆ ಮಗು ಉಚ್ಚೆ ಹೊಯ್ಯಿತು. ಸಂಜೆ ಗಂಜಿ ಕುಡಿದು ಅರ್ಧ ಬಾಳೆಹಣ್ಣು ತಿಂದಿತು. ಆಶಾ ಅಕ್ಕ ಸತುವಿನ ಮಾತ್ರೆಯನ್ನೂ ಕೊಟ್ಟಿದ್ದರು, ದಿನಕ್ಕೆ 20 ಮಿಲಿಗ್ರಾಂ, ಹದಿನಾಲ್ಕು ದಿನ. ಭೇದಿ ನಿಂತ ಮೇಲೂ ಪೂರ್ತಿ ಕೊಡಬೇಕು ಎಂದು ಹೇಳಿ ಹೋದರು.

ಮನೆಯವರೇ ಕೂತು ಕುಡಿಸುವ ಈ ಪದ್ಧತಿಗೆ ದೊಡ್ಡ ಇತಿಹಾಸ ಇದೆ. 1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧದ ಸಮಯ. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹರಡಿತ್ತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಅಳೆದು ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಬಂಧುಗಳೇ ಲೋಟದಲ್ಲಿ ಹಿಡಿದು ಕುಡಿಸಿದರು. ಅಲ್ಲಿ ನೂರಕ್ಕೆ ಸುಮಾರು 30 ಇದ್ದ ಸಾವು 3.6ಕ್ಕೆ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ನಮ್ಮ ವಾರ್ಡಿನಲ್ಲಿ ಚಮಚ ಹಿಡಿದು ಕೂತ ತಾಯಂದಿರನ್ನು ಕಂಡಾಗಲೆಲ್ಲ ನನಗೆ ಆ ಡ್ರಮ್ಮುಗಳ ನೆನಪಾಗುತ್ತದೆ.

ಮಗನದು ಸಣ್ಣ ಕಥೆ. ಅಂಗಡಿಯಿಂದ ಹಣ್ಣಿನ ರುಚಿಯ, ಪ್ಯಾಕಿನ ಮೇಲೆ ಓಆರ್‌ಎಸ್ ಎಂದು ಬರೆದಿದ್ದ ಸಿಹಿ ಪಾನೀಯದ ನಾಲ್ಕು ಪ್ಯಾಕೆಟ್ ತಂದು ಕುಡಿದರು. ಭೇದಿ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಇಂಥ ಪಾನೀಯಗಳಲ್ಲಿ ಸಕ್ಕರೆ ಹಲವು ಪಟ್ಟು ಹೆಚ್ಚು, ಉಪ್ಪು ಕಡಿಮೆ. ಇದು ನಡೆದದ್ದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶಕ್ಕೆ ಮೊದಲು. 2025ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದು ಎಂದು ಹೇಳಿತು. ಆದರೂ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ ನೋಡಿಕೊಳ್ಳಿ. ಮಗನಿಗೆ ಪ್ರಾಯ ಇತ್ತು, ಮೂತ್ರಪಿಂಡ ಗಟ್ಟಿ ಇತ್ತು. ತಡೆದುಕೊಂಡರು.

ಅಜ್ಜಿಯ ಎರಡು ದಿನ

ಅಜ್ಜಿಗೆ 66 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಆರು ವರ್ಷದಿಂದ ಬಿಪಿ. ದಿನಕ್ಕೆ ಎರಡು ಸಲ ಮೆಟ್‌ಫಾರ್ಮಿನ್. ಬೆಳಿಗ್ಗೆ ಬಿಪಿಗೆ ಒಂದು ಮಾತ್ರೆ, ಅದರಲ್ಲಿ ಟೆಲ್ಮಿಸಾರ್ಟನ್ ಮತ್ತು ಕ್ಲೋರ್‌ಥಾಲಿಡೋನ್ ಎರಡೂ ಸೇರಿದ್ದವು. ಕ್ಲೋರ್‌ಥಾಲಿಡೋನ್ ಎಂದರೆ ಮೂತ್ರದಲ್ಲಿ ಉಪ್ಪನ್ನು ಹೊರಹಾಕಿಸಿ ಬಿಪಿ ಇಳಿಸುವ ಔಷಧಿ. ಜನ ಇದನ್ನು ನೀರಿನ ಮಾತ್ರೆ ಎನ್ನುತ್ತಾರೆ.

ಸೋಮವಾರ ಸಂಜೆಯೊಳಗೆ ಅವರಿಗೆ ಹತ್ತು ಸಲ ಭೇದಿ, ಮೂರು ಸಲ ವಾಂತಿ. ಆಶಾ ಅಕ್ಕ ಬಂದಾಗ ಅಜ್ಜಿ ಹಿತ್ತಲಿನಲ್ಲಿದ್ದರು, ಅವರ ವಿಷಯ ಮಾತಿಗೆ ಬರಲಿಲ್ಲ. ಮಗುವಿಗೆ ಕಲಸಿದ ಬಾಟಲಿಯಿಂದ ಸೊಸೆ ಒಂದು ಲೋಟ ಬಗ್ಗಿಸಿ ಅಜ್ಜಿಗೆ ಕೊಡಲು ಹೋದರು. ಅಜ್ಜಿಯೇ ತಡೆದರು. “ಅದ್ರಲ್ಲಿ ಸಕ್ಕರೆ ಇರ್ತದೆ ಕಣವ್ವ, ನಂಗೆ ಬೇಡ. ಉಪ್ಪೂ ಇರ್ತದೆ.” ಸೊಸೆ ಅನುಮಾನ ಬಂದು ಸಂಬಂಧಿಕರೊಬ್ಬರಿಗೆ ಫೋನ್ ಮಾಡಿದರು. ಅವರೂ ಅದನ್ನೇ ಹೇಳಿದರು: ಶುಗರ್ ಇದ್ದವರಿಗೆ ಗ್ಲೂಕೋಸ್ ಬೇಡ, ಬಿಪಿ ಇದ್ದವರಿಗೆ ಉಪ್ಪು ಬೇಡ, ನೀರು ಮಾತ್ರ ಧಾರಾಳವಾಗಿ ಕೊಡಿ.

ಹಾಗೇ ಮಾಡಿದರು. ಅಜ್ಜಿಯ ಹಾಸಿಗೆ ಪಕ್ಕ ಒಂದು ಹಿತ್ತಾಳೆ ಚೊಂಬು. ಖಾಲಿಯಾದಾಗಲೆಲ್ಲ ಸೊಸೆ ತುಂಬುತ್ತಿದ್ದರು. ಸೋಮವಾರ ಬೆಳಿಗ್ಗೆಯಿಂದ ಮಂಗಳವಾರ ಸಂಜೆಯವರೆಗೆ ಐದು ಚೊಂಬು ಆಗಿತ್ತು ಎಂದು ನನಗೆ ಲೆಕ್ಕ ಹೇಳಿದರು. ಐದು ಲೀಟರಿನಷ್ಟು ನೀರು. ಹೊಟ್ಟೆಗೆ ಬೇರೇನೂ ಹೋಗಿರಲಿಲ್ಲ. ಮಂಗಳವಾರ ಪಕ್ಕದ ಮನೆಯವರು ತಂದ ಒಂದು ಎಳನೀರು ಕುಡಿದಿದ್ದರು, ಅಷ್ಟೆ. ಎರಡೂ ದಿನ ಬೆಳಿಗ್ಗೆ ಬಿಪಿ ಮಾತ್ರೆ, ಶುಗರ್ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಮಾತ್ರೆ ಬಿಡಬಾರದು ಎಂದು ನಾವೇ ಹೇಳಿಕೊಟ್ಟಿದ್ದಲ್ವಾ?

ಸೋಮವಾರ ರಾತ್ರಿ ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲುವ ಮಾತ್ರೆ ತಂದು ಎರಡು ಕೊಟ್ಟರು. ಮಂಗಳವಾರ ಭೇದಿ ಮೂರೇ ಸಲ. ಮನೆಯವರಿಗೆ ಎದೆಯ ಭಾರ ಇಳಿಯಿತು. ಭೇದಿಯ ಲೆಕ್ಕ ಕಡಿಮೆಯಾಯಿತು ಎಂದರೆ ಗುಣವಾಗುತ್ತಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಳೆದುಹೋದ ಉಪ್ಪು ವಾಪಸ್ ಬಂದಿರಲಿಲ್ಲ. ಉಳಿದಿದ್ದ ಉಪ್ಪೂ ನೀರಿನ ಮಾತ್ರೆಯಿಂದ ಮೂತ್ರದಲ್ಲಿ ಹೋಗುತ್ತಿತ್ತು. ಅಜ್ಜಿ ತಲೆನೋವು ಎಂದರು, ಮಲಗಿದರು. ಸುಸ್ತು ಎಂದು ಎಲ್ಲರೂ ಸುಮ್ಮನಾದರು.

ಅಜ್ಜಿಗೆ ದಿನಾ ಸಂಜೆ ಹೂ ಕಟ್ಟುವ ಅಭ್ಯಾಸ. ಮೂವತ್ತು ವರ್ಷದಿಂದ ಕಟ್ಟುತ್ತಾ ಬಂದ ಕೈ. ಮಂಗಳವಾರ ಸಂಜೆ ಸ್ವಲ್ಪ ಗೆಲುವಾಗಲಿ ಎಂದು ಸೊಸೆ ಮಲ್ಲಿಗೆ ಮೊಗ್ಗಿನ ಮೊರ, ದಾರ ತಂದು ಪಕ್ಕದಲ್ಲಿ ಇಟ್ಟರು. ಅಜ್ಜಿ ಎದ್ದು ಕೂತು ದಾರ ಹಿಡಿದರು. ಬೆರಳು ಆಡಿತು, ಗಂಟು ಬಿತ್ತು. ಮತ್ತೊಂದು ಗಂಟು, ಮತ್ತೊಂದು. ಸೊಸೆ ಒಲೆಯ ಮುಂದಿನಿಂದ ತಿರುಗಿ ನೋಡಿದಾಗ ಒಂದು ಮೊಳ ಬರೀ ಗಂಟಿನ ದಾರ ಅಜ್ಜಿಯ ಮಡಿಲಲ್ಲಿತ್ತು. ಒಂದು ಮೊಗ್ಗನ್ನೂ ಮುಟ್ಟಿರಲಿಲ್ಲ. “ಅತ್ತೆ, ಹೂವು ಎಲ್ಲಿ?” ಎಂದು ಕೇಳಿದರೆ ಅಜ್ಜಿ ಮಗನ ಹೆಸರು ಹಿಡಿದು ಮೊಮ್ಮಗನನ್ನು ಕರೆದರು.

ಸೊಸೆ ಒಲೆ ಆರಿಸಿ ಗಂಡನನ್ನು ಎಬ್ಬಿಸಿದರು. “ಇದು ಸುಸ್ತಲ್ಲ” ಎಂದರಂತೆ. ಮಗ ಬೆಳಿಗ್ಗೆ ನೋಡೋಣ ಎಂದರು, ಇವರು ಒಪ್ಪಲಿಲ್ಲ. ಆಟೋ ಹಿಡಿದು ಎಂಟೂವರೆಗೆ ನಮ್ಮ ಹತ್ತಿರ ಬಂದರು. ಬೆಳಗಿನವರೆಗೆ ಕಾದಿದ್ದರೆ ಫಿಟ್ಸ್ ಬಂದ ಮೇಲೆ ನಾನು ಅವರನ್ನು ನೋಡುತ್ತಿದ್ದೆನೇನೋ.

ಆಸ್ಪತ್ರೆಯಲ್ಲಿ

ನಾಡಿ ನಿಮಿಷಕ್ಕೆ 112. ಬಿಪಿ 94/60, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ಇನ್ನೂ ಇಳಿಯುತ್ತಿತ್ತು. ನಾಲಿಗೆ ಒಣಗಿ ಮರದ ತೊಗಟೆಯಂತೆ. ಕಂಕುಳು ಒಣ. ಚರ್ಮ ಚಿವುಟಿ ನೋಡುವ ಪರೀಕ್ಷೆ ಮಕ್ಕಳಿಗೆ ಸರಿ. ವಯಸ್ಸಾದವರ ಚರ್ಮ ಹೇಗೂ ಸಡಿಲ, ಅದನ್ನು ನಂಬಿದರೆ ಮೋಸ ಹೋಗುತ್ತೇವೆ. ಕೊನೆಯ ಸಲ ಮೂತ್ರ ಯಾವಾಗ ಆಯಿತು ಎಂದು ಕೇಳಿದೆ. ಯಾರಿಗೂ ಹೇಳಲಾಗಲಿಲ್ಲ. ಭೇದಿಯ ಲೆಕ್ಕ ಎಲ್ಲರ ಬಾಯಲ್ಲಿತ್ತು, ಮೂತ್ರದ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಶುಗರ್ 168. ಅಂದರೆ ಗಲಿಬಿಲಿಗೆ ಸಕ್ಕರೆ ಕಾರಣ ಅಲ್ಲ. ಒಂಬತ್ತಕ್ಕೆ ರಕ್ತದ ವರದಿ ಬಂತು. ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನ ಅಂಶ, 118. ಇರಬೇಕಾದ್ದು 135ರಿಂದ 145. ಪೊಟ್ಯಾಸಿಯಂ 2.9, ಇರಬೇಕಾದ್ದು 3.5ರಿಂದ 5. ಮೂತ್ರಪಿಂಡದ ಕೆಲಸ ಕುಗ್ಗಿದರೆ ಏರುವ ಕ್ರಿಯಾಟಿನಿನ್ 1.9, ಮೂರು ತಿಂಗಳ ಹಿಂದಿನ ಚೀಟಿಯಲ್ಲಿ 0.9 ಇತ್ತು. ಮೈ ಒಣಗಿ ಮೂತ್ರಪಿಂಡಕ್ಕೆ ಏಟು ಬಿದ್ದಿತ್ತು. ಜೊತೆಗೆ ರಕ್ತದ ಉಪ್ಪು ತೆಳುವಾಗಿತ್ತು.

ಐದು ಲೀಟರ್ ನೀರು ಕುಡಿದವರ ಮೈ ಒಣಗುವುದು ಹೇಗೆ ಎಂದು ಮಗ ಕೇಳಿದರು. ನ್ಯಾಯವಾದ ಪ್ರಶ್ನೆ. ಭೇದಿಯಲ್ಲಿ ಹೋಗುವುದು ಸಾದಾ ನೀರಲ್ಲ, ಉಪ್ಪು ನೀರು. ರಕ್ತನಾಳದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದು ಉಪ್ಪು. ಉಪ್ಪು ಇಲ್ಲದೆ ಕುಡಿದ ನೀರು ರಕ್ತನಾಳದಲ್ಲಿ ನಿಲ್ಲುವುದಿಲ್ಲ, ಮೈಯ ಜೀವಕೋಶಗಳೊಳಗೆಲ್ಲ ಹರಡಿಕೊಳ್ಳುತ್ತದೆ. ಮಿದುಳಿನ ಕೋಶಕ್ಕೂ ನುಗ್ಗುತ್ತದೆ. ತಲೆಬುರುಡೆಯೊಳಗೆ ಊದಿಕೊಳ್ಳಲು ಜಾಗ ಎಲ್ಲಿದೆ? ತಲೆನೋವು, ಗಲಿಬಿಲಿ, ಇನ್ನೂ ಮುಂದೆ ಹೋದರೆ ಫಿಟ್ಸ್. ಇನ್ನೊಂದು ಕಡೆ, ಮೈ ಒಣಗಿದೆ ಎಂದು ಗೊತ್ತಾದ ಕೂಡಲೇ ಮಿದುಳು ನೀರು ಉಳಿಸುವ ಹಾರ್ಮೋನು ಬಿಡುತ್ತದೆ. ಮೂತ್ರಪಿಂಡ ಕುಡಿದ ನೀರನ್ನೆಲ್ಲ ಹಿಡಿದುಕೊಳ್ಳುತ್ತದೆ. ಉಪ್ಪು ಇನ್ನೂ ತೆಳುವಾಗುತ್ತದೆ.

ಓಆರ್‌ಎಸ್‌ನಲ್ಲಿ ಸಕ್ಕರೆ ಏಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಅದು ಶಕ್ತಿಗೆ ಹಾಕಿದ್ದಲ್ಲ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುವ ಒಂದು ಬಾಗಿಲಿದೆ. ಭೇದಿ ಎಷ್ಟೇ ಇದ್ದರೂ ಆ ಬಾಗಿಲು ಮುಚ್ಚುವುದಿಲ್ಲ. ಗ್ಲೂಕೋಸ್ ಕೈ ಹಿಡಿದು ಉಪ್ಪು ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಒಂದು ಲೋಟ ಓಆರ್‌ಎಸ್‌ನಲ್ಲಿ ಮೂರು ಗ್ರಾಂಗಿಂತ ಕಡಿಮೆ ಗ್ಲೂಕೋಸ್ ಇದೆ, ಒಂದು ಟೀ ಚಮಚ ಸಕ್ಕರೆಗಿಂತ ಕಡಿಮೆ. ಸಕ್ಕರೆ ಕಾಯಿಲೆಯವರು ಭೇದಿಯಾದಾಗ ಅದನ್ನು ಕುಡಿಯಬಹುದು, ಕುಡಿಯಲೇಬೇಕು. ಶುಗರ್ ನೋಡಿಕೊಳ್ಳುತ್ತಿದ್ದರೆ ಸಾಕು.

ಮೊದಲ ತೀರ್ಮಾನ: ಇಲ್ಲೇ ಇಟ್ಟುಕೊಳ್ಳುವುದೋ, 108ರಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸುವುದೋ. ಜಿಲ್ಲಾಸ್ಪತ್ರೆಯ ಫಿಸಿಷಿಯನ್‌ಗೆ ಫೋನ್ ಮಾಡಿದೆ. ಅಜ್ಜಿ ಎಚ್ಚರ ಇದ್ದರು, ಫಿಟ್ಸ್ ಬಂದಿರಲಿಲ್ಲ, ರಾತ್ರಿ ಲ್ಯಾಬ್ ನಡೆಯುತ್ತಿತ್ತು. ಇಲ್ಲೇ ಶುರು ಮಾಡಿ, ಫಿಟ್ಸ್ ಬಂದರೆ ಅಥವಾ ಸೋಡಿಯಂ ಇನ್ನೂ ಇಳಿದರೆ ಆ ಕ್ಷಣ ಕಳಿಸಿ ಎಂದರು. ಫಿಟ್ಸ್ ಬಂದರೆ ಬೇಕಾಗುವ ಗಟ್ಟಿ ಉಪ್ಪುನೀರು, 3% ಸಲೈನ್, ಕೈಗೆ ಸಿಗುವಂತೆ ಇಟ್ಟುಕೊಂಡೆವು.

ಎರಡನೆಯದು ವೇಗ. ಸಿಸ್ಟರ್ ಕೇಳಿದರು, “ಎರಡು ಬಾಟಲ್ ಓಡಿಸಿಬಿಡೋಣ್ವಾ ಮೇಡಂ?” ಬಿಪಿ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಬಿಪಿ ಎತ್ತಲು ಮೊದಲ ಅರ್ಧ ಲೀಟರ್ ನಾರ್ಮಲ್ ಸಲೈನ್ ಒಂದು ಗಂಟೆಯಲ್ಲಿ ಕೊಟ್ಟೆವು. ಆಮೇಲೆ ನಿಧಾನ ಮಾಡಿದೆವು. ಸೋಡಿಯಂ ದಿನಕ್ಕೆ 8ಕ್ಕಿಂತ ಜಾಸ್ತಿ ಏರಿಸಬಾರದು ಎಂದು ಗುರಿ ಇಟ್ಟುಕೊಂಡೆವು. ತೆಳು ರಕ್ತಕ್ಕೆ ಒಗ್ಗಿಕೊಂಡ ಮಿದುಳಿಗೆ ಉಪ್ಪು ದಿಢೀರನೆ ಏರಿದರೆ ನರದ ಹೊದಿಕೆ ಹಾಳಾಗುತ್ತದೆ. ಮೊದಲು ಚೇತರಿಸಿದ ರೋಗಿ ಕೆಲವು ದಿನ ಬಿಟ್ಟು ಮಾತು, ಕೈಕಾಲು ಕಳೆದುಕೊಳ್ಳಬಹುದು. ಪೊಟ್ಯಾಸಿಯಂ ಕಡಿಮೆ ಇರುವವರಿಗೆ ಈ ಅಪಾಯ ಇನ್ನೂ ಜಾಸ್ತಿ. ಆದ್ದರಿಂದ ಮೂತ್ರ ಬರಲು ಶುರುವಾದ ಮೇಲೆ ಡ್ರಿಪ್‌ನಲ್ಲಿ ಪೊಟ್ಯಾಸಿಯಂ ಸೇರಿಸಿದೆವು, ನಿಧಾನವಾಗಿ. ಪೊಟ್ಯಾಸಿಯಂ ಕೊಟ್ಟರೂ ಸೋಡಿಯಂ ಏರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿದೆವು.

ಬೆಳಗಿನ ಜಾವ ಮೂರಕ್ಕೆ ಸೋಡಿಯಂ 121. ಅಂದುಕೊಂಡಂತೆ ಹೋಗುತ್ತಿತ್ತು. ಐದೂವರೆಗೆ ಸಿಸ್ಟರ್ ಬಂದು ಮೂತ್ರದ ಚೀಲ ನೋಡಿ ಎಂದರು. ಎರಡು ಗಂಟೆಯಲ್ಲಿ 500 ಮಿ.ಲೀ. ತುಂಬಿತ್ತು, ಬಣ್ಣ ಇಲ್ಲ, ನೀರಿನ ಹಾಗೆ. ಮನೆಯವರಿಗೆ ಖುಷಿ. ನನಗೆ ಭಯ. ಮೈಗೆ ಸಾಕಷ್ಟು ಸಲೈನ್ ಸಿಕ್ಕ ಕೂಡಲೇ ಆ ಹಾರ್ಮೋನು ನಿಲ್ಲುತ್ತದೆ. ಮೂತ್ರಪಿಂಡ ಹಿಡಿದಿಟ್ಟ ನೀರನ್ನೆಲ್ಲ ಒಟ್ಟಿಗೆ ಬಿಡುತ್ತದೆ. ಆಗ ಸೋಡಿಯಂ ನಮ್ಮ ಕೈ ಮೀರಿ ಏರುತ್ತದೆ. ಕೂಡಲೇ ರಕ್ತ ಕಳಿಸಿದೆವು. 124. ಒಂಬತ್ತು ಗಂಟೆಯೊಳಗೆ 6 ಏರಿತ್ತು. ಇಪ್ಪತ್ತನಾಲ್ಕು ಗಂಟೆಗೆ ಇಟ್ಟ ಪಾಲಿನಲ್ಲಿ ಉಳಿದದ್ದು ಎರಡೇ.

ಸಲೈನ್ ನಿಲ್ಲಿಸಿದೆ. ಉಪ್ಪಿಲ್ಲದ ಗ್ಲೂಕೋಸ್ ನೀರು, ಅಂದರೆ 5% ಡೆಕ್ಸ್ಟ್ರೋಸ್ ಹಾಕಿ, ಶುಗರ್ ಗಂಟೆಗಂಟೆಗೆ ನೋಡುತ್ತಾ, ಹೋಗುವ ಮೂತ್ರಕ್ಕೆ ಸಮನಾಗಿ ನೀರು ಕೊಟ್ಟೆವು. ಅಜ್ಜಿಗೆ ಬಾಯಲ್ಲೂ ಸಾದಾ ನೀರು ಗುಟುಕು ಗುಟುಕಾಗಿ ಕೊಡಿ ಎಂದೆ. ಸೊಸೆ ನನ್ನ ಮುಖ ನೋಡಿದರು. “ನಿನ್ನೆ ನೀರಿಂದಲೇ ಹೀಗಾಯ್ತು ಅಂದ್ರಿ.” ಹೌದು, ನಿನ್ನೆ ಅದೇ ನೀರು ತಪ್ಪಾಗಿತ್ತು, ಇವತ್ತು ಬೆಳಿಗ್ಗೆ ಅದೇ ಔಷಧಿ. ಮೈ ಯಾವ ಹಂತದಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಪಕ್ಕದ ಸ್ಟೂಲಿನ ಮೇಲೆ ಕೂತು ಬರೆದು ತೋರಿಸಿ ಹೇಳಿದೆ. ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಆಮೇಲೆ ಮೂತ್ರದ ಲೆಕ್ಕ, ನೀರಿನ ಲೆಕ್ಕ ಎರಡನ್ನೂ ಮಗನ ಹಳೇ ಡೈರಿಯಲ್ಲಿ ಬರೆದಿಟ್ಟವರು ಅವರೇ. ನಮ್ಮ ಚಾರ್ಟಿನಷ್ಟೇ ಚೊಕ್ಕವಾಗಿತ್ತು.

ಬುಧವಾರ ಮಧ್ಯಾಹ್ನ ಅಜ್ಜಿ ಕಣ್ಣು ಬಿಟ್ಟು ಸುತ್ತ ನೋಡಿದರು. “ಹಸಾ ಕರೆದ್ರೇನವ್ವ?” ಎಂದು ಕೇಳಿದರು. ಸೊಸೆ ಅಲ್ಲೇ ಅತ್ತರು. ರಾತ್ರಿ ಒಂಬತ್ತಕ್ಕೆ ಸೋಡಿಯಂ 126, ಇಡೀ ದಿನಕ್ಕೆ ಸರಿಯಾಗಿ 8. ಅಲ್ಲಿಂದ ಮುಂದೆ ಕೆಲಸ ಸುಲಭ. ಉಪ್ಪು ಹಾಕಿದ ಅಕ್ಕಿ ಗಂಜಿ, ಓಆರ್‌ಎಸ್, ಬಾಯಿಂದ ಪೊಟ್ಯಾಸಿಯಂ ಸಿರಪ್. ಗುರುವಾರ ರಾತ್ರಿ 132, ಶುಕ್ರವಾರ 135. ಪೊಟ್ಯಾಸಿಯಂ 3.8. ಕ್ರಿಯಾಟಿನಿನ್ 1.0ಕ್ಕೆ ಬಂತು. ಶನಿವಾರ ಮನೆಗೆ ಕಳಿಸಿದೆವು. ನೀರಿನ ಮಾತ್ರೆಯನ್ನು ಶಾಶ್ವತವಾಗಿ ತೆಗೆದೆವು. ಒಮ್ಮೆ ಇದರಿಂದ ಸೋಡಿಯಂ ಬಿದ್ದವರಿಗೆ ಮತ್ತೆ ಕೊಡಬಾರದು. ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎರಡನ್ನೂ ಮೂತ್ರಪಿಂಡ ಸರಿಯಾಗಿ ಊಟ ಸೇರಿದ ಮೇಲೆ ಮತ್ತೆ ಶುರು ಮಾಡಿದೆವು.

ಎಲ್ಲಿ ತಪ್ಪಿತು

ಡಿಸ್ಚಾರ್ಜ್ ದಿನ ಮಗ ಒಂದು ಮಾತು ಕೇಳಿದರು. “ಉಪ್ಪು ಕಮ್ಮಿ ಮಾಡಿ, ಸಕ್ಕರೆ ಮುಟ್ಟಬೇಡಿ, ಮಾತ್ರೆ ಒಂದು ದಿನವೂ ಬಿಡಬೇಡಿ ಅಂತ ಆಸ್ಪತ್ರೆಯವರೇ ಹೇಳಿದ್ದು ಮೇಡಂ. ನಾವು ಅದನ್ನೇ ಮಾಡಿದ್ವಿ.”

ಅವರ ಹಳೇ ಚೀಟಿಗಳನ್ನೆಲ್ಲ ತೆಗೆದು ನೋಡಿದೆ. ಎರಡು ವರ್ಷದ ಚೀಟಿಗಳು. ಪ್ರತಿ ಸಲವೂ ಅದೇ ಮೂರು ಸಲಹೆ. ಕೆಲವು ನನ್ನ ಕೈಬರಹದಲ್ಲೇ ಇದ್ದವು. ಭೇದಿಯಾದ ದಿನ ಏನು ಮಾಡಬೇಕು ಎಂದು ಒಂದು ಚೀಟಿಯಲ್ಲೂ ಇರಲಿಲ್ಲ. ಆರೋಗ್ಯವಾಗಿರುವ ದಿನಕ್ಕೆ ಕೊಟ್ಟ ಸಲಹೆಯನ್ನು ಆ ಮನೆ ಕಾಯಿಲೆಯ ದಿನವೂ ನಿಷ್ಠೆಯಿಂದ ಪಾಲಿಸಿತು. ಇದರಲ್ಲಿ ಅಜ್ಜಿಯದೂ ಸೊಸೆಯದೂ ತಪ್ಪು ನನಗೆ ಕಾಣುವುದಿಲ್ಲ. ಹೇಳಬೇಕಾದವರು ಅರ್ಧ ಹೇಳಿದ್ದೆವು.

ಎಳನೀರಿನ ಬಗ್ಗೆಯೂ ಬಹಳ ಜನ ಕೇಳುತ್ತಾರೆ, ಒಂದು ಮಾತು ಹೇಳಿಬಿಡುತ್ತೇನೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಆರೋಗ್ಯವಂತರು ಓಆರ್‌ಎಸ್ ಜೊತೆಗೆ ಕುಡಿಯಲಿ, ಓಆರ್‌ಎಸ್ ಬದಲಿಗೆ ಅಲ್ಲ. ಟೆಲ್ಮಿಸಾರ್ಟನ್‌ನಂಥ ಮಾತ್ರೆ ತಿನ್ನುವವರು, ಮೂತ್ರಪಿಂಡದ ತೊಂದರೆ ಇರುವವರು ಕೇಳದೆ ಮೇಲಿಂದ ಮೇಲೆ ಕುಡಿಯಬಾರದು. ಅವರಿಗೆ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡಬಹುದು. ಪೊಟ್ಟಣ ಸಿಗದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಬೇಡ, ಬೆರಳಿಂದ ಸವರಿ ಸಮ ಮಾಡಿ. ಉಪ್ಪು ಹಾಕಿದ ಗಂಜಿ, ಉಪ್ಪು ಮಜ್ಜಿಗೆಯೂ ನಡೆಯುತ್ತದೆ.

ಈಗ ನಮ್ಮ ಹೊರರೋಗಿ ವಿಭಾಗದಲ್ಲಿ ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವ ಪ್ರತಿಯೊಬ್ಬರ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಡುತ್ತೇವೆ. ಅಕ್ಷರ ದೊಡ್ಡದು, ಚಾಳೀಸು ಇಲ್ಲದೆ ಓದುವಷ್ಟು. ಮೊದಲು ಬರೆದದ್ದನ್ನು ಆ ಸೊಸೆಗೆ ಓದಿಸಿದೆ. “ಜಾಸ್ತಿ ನೀರು ಕುಡಿಯಿರಿ” ಎಂದು ಬರೆದಿದ್ದ ಸಾಲನ್ನು ಅವರು ಹೊಡೆದುಹಾಕಿಸಿದರು. ಈಗ ಚೀಟಿಯ ಹಿಂದೆ ಇಷ್ಟು ಇದೆ:

“ವಾಂತಿ ಭೇದಿ ಶುರುವಾದರೆ ಆ ದಿನವೇ ನಮಗೆ ಫೋನ್ ಮಾಡಿ. ಗುರುತು ಹಾಕಿಕೊಟ್ಟ ಮಾತ್ರೆಗಳ ಬಗ್ಗೆ, ಮುಂದಿನದನ್ನು ನುಂಗುವ ಮೊದಲು ಕೇಳಿ, ಕೆಲವನ್ನು ಅವತ್ತು ನಿಲ್ಲಿಸಬೇಕಾಗುತ್ತದೆ. ಇನ್ಸುಲಿನ್ ನೀವಾಗಿ ನಿಲ್ಲಿಸಬೇಡಿ. ಬಿಪಿ ಇದ್ದರೂ ಶುಗರ್ ಇದ್ದರೂ ಓಆರ್‌ಎಸ್ ಕುಡಿಯಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದರೆ ಎಷ್ಟು ಎಂದು ಕೇಳಿ ಕುಡಿಯಿರಿ. ಒಂದು ಲೀಟರಿನ ಪೊಟ್ಟಣ ಒಂದು, ನೀರು ಒಂದು ಲೀಟರ್. ಮೂತ್ರ ಆಗಿದ್ದನ್ನು ಬರೆದಿಡಿ. ಆರು ಗಂಟೆ ಮೂತ್ರ ಬರದಿದ್ದರೆ, ಕುಡಿದದ್ದು ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಜೋರಾದರೆ, ಮಾತು ತಪ್ಪಿದರೆ ಬೆಳಗಾಗಲಿ ಎಂದು ಕಾಯಬೇಡಿ.”